ಹಗ್ಗ ಗಟ್ಟಿಯಿದ್ದರೆ ಸಾಲದು, ಗೂಟವೂ ಗಟ್ಟಿಯಿರಬೇಕು: ಎಸಿಎಲ್ ಗ್ರಾಫ್ಟ್‌ನ ಬಲ ತಿಳಿಯುವ ಬಗೆ

ಮಂಡಿಯೊಳಗಿನ ಎಸಿಎಲ್ ಎಂಬ ಲಿಗಮೆಂಟ್ ಹರಿದು ಆಪರೇಷನ್‌ಗೆ ದಿನ ಗೊತ್ತಾದವರು ಕೇಳುವ ಮೊದಲ ಪ್ರಶ್ನೆ: 'ಯಾವ ಗ್ರಾಫ್ಟ್ (ಹರಿದದ್ದರ ಜಾಗದಲ್ಲಿ ಕೂರಿಸುವ ಟೆಂಡನ್) ಹಾಕಿಸಿಕೊಂಡರೆ ಹೆಚ್ಚು ಗಟ್ಟಿ?' ಆಪರೇಷನ್ ಆಗಿ ಮೂರು ತಿಂಗಳು ಕಳೆದವರ ಪ್ರಶ್ನೆ: 'ನೋವೇ ಇಲ್ಲ, ಇನ್ನು ಆಡಬಹುದಲ್ಲ?' ಎರಡೂ ಒಂದೇ ವಿಷಯದ ಎರಡು ತುದಿಗಳು. ಲ್ಯಾಬಿನ ಯಂತ್ರದಲ್ಲಿ ಎಳೆದಾಗ ಗ್ರಾಫ್ಟ್ ತೋರುವ ಬಲ ಒಂದು. ಆಪರೇಷನ್ ಮುಗಿದ ಸಂಜೆ ನಿಮ್ಮ ಮಂಡಿಯೊಳಗೆ ಅದಕ್ಕಿರುವ ಬಲ ಇನ್ನೊಂದು. ಎರಡು ತಿಂಗಳಾದ ಮೇಲಿನದು ಮತ್ತೊಂದು. ಇಂಟರ್ನೆಟ್ಟಿನಲ್ಲಿ ಸಿಗುವುದು ಬಹುಪಾಲು ಮೊದಲನೆಯ ಲೆಕ್ಕ, ನಿಮಗೆ ಬೇಕಾದದ್ದು ಉಳಿದೆರಡು.

ಕೆಳಗಿನ ಹಂತಗಳನ್ನು ಆಪರೇಷನ್‌ಗೆ ಮುಂಚೆ ಒಮ್ಮೆ ಓದಿ, ಡಾಕ್ಟರ ಬಳಿ ಹೋಗುವಾಗ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ. ಆಪರೇಷನ್ ಈಗಾಗಲೇ ಆಗಿದ್ದರೆ 6ನೇ ಹಂತದಿಂದ ಶುರುಮಾಡಿ.

ಹಂತ 1: ಆರು ಪದ, ಒಂದು ಅಳತೆ

ಲಿಗಮೆಂಟ್ ಎಂದರೆ ಮೂಳೆಗೆ ಮೂಳೆಯನ್ನು ಕಟ್ಟುವ ನಾರಿನ ಪಟ್ಟಿ. ಟೆಂಡನ್ ಸ್ನಾಯುವನ್ನು ಮೂಳೆಗೆ ಕಟ್ಟುತ್ತದೆ. ಎಸಿಎಲ್ ಎಂಬುದು ಮಂಡಿಯ ಒಳಗೆ ಓರೆಯಾಗಿ ಹಾಯ್ದಿರುವ ಲಿಗಮೆಂಟ್. ಕೆಳಗಿನ ಮೊಣಗಾಲ ಮೂಳೆ ಮುಂದಕ್ಕೆ ಜಾರದಂತೆ, ತಿರುಚದಂತೆ ಹಿಡಿಯುವುದು ಇದರ ಕೆಲಸ. ಪೂರ್ತಿ ಹರಿದರೆ ಹೊಲಿದು ಸೇರಿಸುವುದು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದ್ದರಿಂದ ದೇಹದ ಬೇರೆ ಕಡೆಯಿಂದ ಟೆಂಡನ್ ತೆಗೆದು ಅದೇ ಜಾಗದಲ್ಲಿ ಕೂರಿಸುತ್ತಾರೆ. ಅದೇ ಗ್ರಾಫ್ಟ್. ಅದನ್ನು ಕೂರಿಸಲು ತೊಡೆಮೂಳೆಯಲ್ಲೂ ಮೊಣಗಾಲ ಮೂಳೆಯಲ್ಲೂ ಕೊರೆಯುವ ಸುರಂಗ ಟನಲ್. ಟನಲ್‌ನಲ್ಲಿ ಗ್ರಾಫ್ಟನ್ನು ಹಿಡಿದಿಡುವ ಸ್ಕ್ರೂ, ಬಟನ್ ಇತ್ಯಾದಿಗೆ ಫಿಕ್ಸೇಷನ್ ಎನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ಗ್ರಾಫ್ಟ್ ಹಗ್ಗ, ಫಿಕ್ಸೇಷನ್ ಗೂಟ.

ಬಲದ ಅಳತೆ ನ್ಯೂಟನ್. ಹತ್ತು ನ್ಯೂಟನ್ ಅಂದರೆ ಹೆಚ್ಚುಕಡಿಮೆ ಒಂದು ಕಿಲೋ ತೂಕ ಕೆಳಗೆ ಎಳೆಯುವಷ್ಟು. ಜೊತೆಗೆ ಬಿಗುಪು ಎಂಬ ಇನ್ನೊಂದು ಗುಣವಿದೆ. ಒಂದು ಮಿಲಿಮೀಟರ್ ಹಿಗ್ಗಿಸಲು ಎಷ್ಟು ಬಲ ಬೇಕು ಎಂಬ ಲೆಕ್ಕ ಅದು. ಹರಿಯದೆ ಬರೀ ಸಡಿಲವಾದ ಗ್ರಾಫ್ಟ್ ಕೂಡ ಕೆಟ್ಟ ಗ್ರಾಫ್ಟೇ, ಹಾಗಾಗಿ ಬಿಗುಪನ್ನು ಮರೆಯಬೇಡಿ.

ಹಂತ 2: ಸಂಖ್ಯೆಗಳನ್ನು ಅನುಮಾನದಿಂದ ಓದಿ

ಮೊದಲು ಹುಟ್ಟಿನಿಂದ ಬಂದ ಎಸಿಎಲ್‌ನ ಬಲ ಎಷ್ಟು ಎಂದು ತಿಳಿಯಬೇಕು. ಸಾವಿಯೋ ವೂ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಅಳತೆಯಲ್ಲಿ 22ರಿಂದ 35 ವರ್ಷದವರ ಎಸಿಎಲ್ ಸರಾಸರಿ 2160 ನ್ಯೂಟನ್‌ಗೆ, ಅಂದರೆ ಸುಮಾರು 220 ಕಿಲೋ ಎಳೆತಕ್ಕೆ ಹರಿಯಿತು. ಬಿಗುಪು ಮಿಲಿಮೀಟರ್‌ಗೆ 242 ನ್ಯೂಟನ್. ಅದೇ ಅಧ್ಯಯನದಲ್ಲಿ 60 ದಾಟಿದವರ ಎಸಿಎಲ್ 658 ನ್ಯೂಟನ್‌ಗೇ ಕೈಕೊಟ್ಟಿತು. ವಯಸ್ಸು ಇಷ್ಟು ವ್ಯತ್ಯಾಸ ಮಾಡುತ್ತದೆ.

ಇನ್ನು ಗ್ರಾಫ್ಟ್‌ಗಳದ್ದು. 10 ಮಿಮೀ ಅಗಲದ ಪಟೆಲ್ಲಾರ್ ಟೆಂಡನ್ (ಮಂಡಿಚಿಪ್ಪಿನ ಕೆಳಗಿನ ಪಟ್ಟಿ) 1993ರ ಒಂದು ಅಧ್ಯಯನದಲ್ಲಿ 2977 ನ್ಯೂಟನ್ ತಡೆದರೆ, ಇನ್ನೊಂದು ತಂಡದ ಕೈಯಲ್ಲಿ ಅಷ್ಟೇ ಅಗಲದ ಪಟ್ಟಿ ಸುಮಾರು 1950ಕ್ಕೆ ಹರಿಯಿತು. ಒಂದೇ ಟೆಂಡನ್, ಸಾವಿರ ನ್ಯೂಟನ್ ವ್ಯತ್ಯಾಸ! ದಾನಿಯ ವಯಸ್ಸು, ಕ್ಲ್ಯಾಂಪ್ ಹಿಡಿದ ರೀತಿ, ಎಳೆದ ವೇಗ, ಮೊದಲೇ ಹದಗೊಳಿಸಿದ್ದರೇ ಇಲ್ಲವೇ, ಎಲ್ಲವೂ ಸಂಖ್ಯೆಯನ್ನು ಬದಲಿಸುತ್ತವೆ.

ಎಚ್ಚರಿಕೆ: ಒಂದು ಲ್ಯಾಬಿನ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಟೆಂಡನ್) ಸಂಖ್ಯೆಯನ್ನು ಇನ್ನೊಂದು ಲ್ಯಾಬಿನ ಪಟೆಲ್ಲಾರ್ ಸಂಖ್ಯೆಯ ಪಕ್ಕದಲ್ಲಿಟ್ಟು 'ಇದೇ ಗಟ್ಟಿ' ಎನ್ನುವ ಪಟ್ಟಿಗಳನ್ನು ನಂಬಬೇಡಿ. ಒಂದೇ ಅಧ್ಯಯನದೊಳಗಿನ ಹೋಲಿಕೆಗೆ ಮಾತ್ರ ಬೆಲೆ.

ಹಂತ 3: ಗ್ರಾಫ್ಟ್ ಎಲ್ಲಿಂದ ತೆಗೆಯುತ್ತಾರೆ, ಅಲ್ಲಿ ಏನು ಕಳೆದುಕೊಳ್ಳುತ್ತೀರಿ

ಆರೋಗ್ಯವಂತರಿಂದ ತೆಗೆದ, ಸಾಕಷ್ಟು ದಪ್ಪವಿರುವ ಯಾವ ಗ್ರಾಫ್ಟೂ ಮೊದಲ ದಿನ ಮೂಲ ಎಸಿಎಲ್‌ಗೆ ಸಾಟಿಯಾಗಿಯೇ ಇರುತ್ತದೆ. ಹಾಗಾಗಿ ಆಯ್ಕೆ ನಿಲ್ಲಬೇಕಾದದ್ದು ನ್ಯೂಟನ್ ಮೇಲಲ್ಲ, ತೆಗೆದ ಜಾಗದಲ್ಲಿ ಆಗುವ ನಷ್ಟದ ಮೇಲೆ.

ಹ್ಯಾಮ್‌ಸ್ಟ್ರಿಂಗ್: ತೊಡೆಯ ಹಿಂಭಾಗದ ಒಳಬದಿಯಿಂದ ಸೆಮಿಟೆಂಡಿನೋಸಸ್, ಬೇಕಾದರೆ ಜೊತೆಗೆ ಗ್ರಾಸಿಲಿಸ್ ಟೆಂಡನ್. ಒಂಟಿ ಎಳೆ ದುರ್ಬಲ. ಫ್ರಾಂಕ್ ನಾಯ್ಸ್ ತಂಡ 1984ರಲ್ಲಿ ಅಳೆದಾಗ ಒಂಟಿ ಸೆಮಿಟೆಂಡಿನೋಸಸ್ ಎಸಿಎಲ್‌ನ 70 ಶೇಕಡ, ಗ್ರಾಸಿಲಿಸ್ 49 ಶೇಕಡ ಬಲ ತೋರಿದವು. ಅದಕ್ಕೇ ಮಡಚಿ ನಾಲ್ಕೆಳೆ ಮಾಡುತ್ತಾರೆ. ನಷ್ಟವೆಂದರೆ ಮಂಡಿ ಆಳವಾಗಿ ಮಡಚುವ ಬಲ ಸ್ವಲ್ಪ ತಗ್ಗುತ್ತದೆ. ಗಾಯದ ಪಕ್ಕದ ಚರ್ಮದಲ್ಲಿ ಜೋಮು ಉಳಿಯುವುದು ತೀರಾ ಸಾಮಾನ್ಯ, ಅದಕ್ಕೆ ಗಾಬರಿ ಬೇಡ.

ಪಟೆಲ್ಲಾರ್ ಟೆಂಡನ್: ಎರಡೂ ತುದಿಗೆ ಮೂಳೆತುಂಡು ಅಂಟಿಕೊಂಡೇ ಬರುತ್ತದೆ. ಟನಲ್‌ನಲ್ಲಿ ಮೂಳೆಗೆ ಮೂಳೆ ಬೆಸೆಯುವುದು ಬೇಗ, ಇದೇ ಇದರ ದೊಡ್ಡ ಗುಣ. ದೋಷವೆಂದರೆ ಮಂಡಿಯೂರಿದರೆ ನೋವು. ದಿನಕ್ಕೆ ಐದು ಹೊತ್ತು ನಮಾಜ್ ಮಾಡುವವರು, ಮಂಡಿಯೂರಿ ಟೈಲ್ಸ್ ಕೂರಿಸುವವರು, ಗದ್ದೆ ಕೆಲಸದವರು ಇದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ಅವರು ಕೇಳಲಿ ಎಂದು ಕಾಯಬೇಡಿ.

ಕ್ವಾಡ್ರಿಸೆಪ್ಸ್ ಟೆಂಡನ್: ಮಂಡಿಚಿಪ್ಪಿನ ಮೇಲ್ಗಡೆಯದು, ದಪ್ಪ ಧಾರಾಳ. 10 ಮಿಮೀ ಪಟ್ಟಿ 2100 ನ್ಯೂಟನ್‌ಗಿಂತ ಹೆಚ್ಚು ತಡೆದಿದೆ. ಮಂಡಿಯೂರುವ ನೋವು ಕಡಿಮೆ, ಆದರೆ ತೊಡೆಯ ಮುಂಭಾಗದ ಸ್ನಾಯು ಮತ್ತೆ ಬಲ ಪಡೆಯಲು ಹೆಚ್ಚು ಬೆವರು ಹರಿಸಬೇಕು.

ಪೆರೋನಿಯಸ್ ಲಾಂಗಸ್: ಕಣಕಾಲಿನ ಹೊರಬದಿಯದು. ನಮ್ಮಲ್ಲಿ ಈಚೆಗೆ ಇದರ ಬಳಕೆ ಹೆಚ್ಚಿದೆ. ಎರಡೆಳೆ ಮಾಡಿದರೂ ಒಳ್ಳೆಯ ದಪ್ಪ ಸಿಗುತ್ತದೆ, ತೊಡೆಯ ಸ್ನಾಯುಗಳು ಹಾಗೇ ಉಳಿಯುತ್ತವೆ. ಆದರೆ ಕಣಕಾಲು ಆಗಾಗ ಉಳುಕುವವರು ಇದಕ್ಕೆ ಒಪ್ಪುವ ಮುನ್ನ ಎರಡು ಸಲ ಯೋಚಿಸಲಿ.

ಇನ್ನೊಬ್ಬರ ದೇಹದಿಂದ ಪಡೆದು ಕಾಪಿಟ್ಟ ಅಲೋಗ್ರಾಫ್ಟ್ ನಮ್ಮಲ್ಲಿ ಸಿಗುವುದೇ ಅಪರೂಪ. ಸಿಕ್ಕರೂ ಹದಿಹರೆಯದ ಆಟಗಾರರಲ್ಲಿ ಅದು ಮತ್ತೆ ಹರಿಯುವ ಪ್ರಮಾಣ ಸ್ವಂತ ಟೆಂಡನ್‌ಗಿಂತ ಹಲವು ಪಟ್ಟು ಹೆಚ್ಚು. ಕ್ರಿಮಿ ಕೊಲ್ಲಲು ಹಾಯಿಸುವ ವಿಕಿರಣದ ಪ್ರಮಾಣ ಜಾಸ್ತಿಯಾದರೆ ನಾರೇ ಬಲ ಕಳೆದುಕೊಳ್ಳುತ್ತದೆ.

ಹಂತ 4: ದಪ್ಪ ಕೇಳಿ

ಇಡೀ ಲೇಖನದಲ್ಲಿ ಒಂದೇ ಸಂಖ್ಯೆ ನೆನಪಿಟ್ಟುಕೊಳ್ಳುವುದಾದರೆ ಅದು 8 ಮಿಲಿಮೀಟರ್ ಆಗಿರಲಿ.

ಕಾರಣ ಸರಳ. ಹಗ್ಗದ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣಕ್ಕೆ ತಕ್ಕಂತೆ, ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ. 7 ಮಿಮೀ ಗ್ರಾಫ್ಟ್‌ನ ವಿಸ್ತೀರ್ಣ 38.5 ಚದರ ಮಿಮೀ, 8 ಮಿಮೀಯದು 50.3, 9 ಮಿಮೀಯದು 63.6. ಕಣ್ಣಿಗೆ ಕಾಣುವುದು ಒಂದು ಮಿಲಿಮೀಟರ್, ನಾರು ಹೆಚ್ಚುವುದು ಶೇಕಡ 30ರಷ್ಟು. 2012ರಲ್ಲಿ ಪ್ರಕಟವಾದ, 256 ಜನರ ಹ್ಯಾಮ್‌ಸ್ಟ್ರಿಂಗ್ ಗ್ರಾಫ್ಟ್‌ಗಳನ್ನು ನೋಡಿದ ಒಂದು ಅಧ್ಯಯನದಲ್ಲಿ 8 ಮಿಮೀ ಮೀರಿದವರಲ್ಲಿ ಮರು ಆಪರೇಷನ್ ಬೇಕಾದದ್ದು 1.7 ಶೇಕಡ. 7 ಮಿಮೀ ಅಥವಾ ಅದಕ್ಕಿಂತ ತೆಳುವಾಗಿದ್ದವರಲ್ಲಿ 13.6 ಶೇಕಡ. 20 ವರ್ಷದೊಳಗಿನವರಿಗೆ ಅಪಾಯ ಇನ್ನೂ ಜಾಸ್ತಿ.

ಕುಳ್ಳಗೆ, ಸಣ್ಣಗೆ ಇರುವವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಹ್ಯಾಮ್‌ಸ್ಟ್ರಿಂಗ್ ತೆಳುವಾಗಿ ಬರುವ ಸಂಭವ ಹೆಚ್ಚು. ಎಂಆರ್‌ಐ ಚಿತ್ರದಲ್ಲಿ ಟೆಂಡನ್‌ನ ಅಡ್ಡಕೊಯ್ತ ಅಳೆದರೆ ಅಂದಾಜು ಮುಂಚೆಯೇ ಸಿಗುತ್ತದೆ. ಆಪರೇಷನ್‌ಗೆ ಮೊದಲು ಕೇಳಬೇಕಾದ ಪ್ರಶ್ನೆ: 'ಗ್ರಾಫ್ಟ್ 8 ಮಿಮೀ ಬರದಿದ್ದರೆ ಏನು ಮಾಡುತ್ತೀರಿ ಸಾರ್?' ಐದೆಳೆ ಅಥವಾ ಆರೆಳೆ ಮಡಚುವುದು, ಪೆರೋನಿಯಸ್ ಅಥವಾ ಕ್ವಾಡ್ರಿಸೆಪ್ಸ್‌ಗೆ ಹೋಗುವುದು, ಇವೆಲ್ಲ ಸರಿಯಾದ ಉತ್ತರಗಳೇ. ಬೇರೆ ಕಡೆಯಿಂದ ತೆಗೆಯಬೇಕಾಗಬಹುದಾದರೆ ಒಪ್ಪಿಗೆ ಪತ್ರದಲ್ಲಿ ಅದೂ ಇರಲಿ. ಅರಿವಳಿಕೆ ಕೊಟ್ಟ ಮೇಲೆ ನಿಮ್ಮನ್ನು ಕೇಳಲಾಗದು.

ತೆಗೆಯುವಾಗಲೇ ಆಗುವ ಒಂದು ಅವಘಡ: ಸೆಮಿಟೆಂಡಿನೋಸಸ್‌ನಿಂದ ಮೀನಖಂಡದ ಕಡೆಗೆ ಕವಲು ಪಟ್ಟಿಗಳು ಹೊರಡುತ್ತವೆ. ಅವನ್ನು ಹುಡುಕಿ ಕತ್ತರಿಸದೆ ಸ್ಟ್ರಿಪ್ಪರ್ (ಟೆಂಡನ್ ಬಿಡಿಸಿ ತೆಗೆಯುವ ಸಲಕರಣೆ) ತೂರಿಸಿದರೆ ಸಲಕರಣೆ ದಾರಿತಪ್ಪಿ ಟೆಂಡನ್ ಮೊಟಕಾಗಿ ತುಂಡಾಗುತ್ತದೆ. ಸುಮಾರು 28 ಸೆಂಮೀ ಉದ್ದ ಸಿಗಬೇಕಾದ ಕಡೆ ಅರ್ಧ ಸಿಕ್ಕರೆ ನಾಲ್ಕೆಳೆಯ ಮಾತೇ ಇಲ್ಲ.

ಹಂತ 5: ಟೇಬಲ್ ಮೇಲೆ ಗ್ರಾಫ್ಟ್ ಹದಗೊಳಿಸುವುದು

ಇದು ನಿಮ್ಮ ಕೈಲಿಲ್ಲ, ಆದರೆ ಫಿಸಿಯೋ ಓದುತ್ತಿರುವವರೂ ಓಟಿ ಸಿಬ್ಬಂದಿಯೂ ಮತ್ತೆ ಮತ್ತೆ ಕೇಳುವುದರಿಂದ ಬಿಡಿಸಿ ಹೇಳಬೇಕು.

ತೇರಿನ ಹಗ್ಗ ನಾಲ್ಕು ಜನ ಹಿಡಿದು ಇಬ್ಬರೇ ಎಳೆದರೆ ತೇರಿಗೆ ಸಿಗುವುದು ಇಬ್ಬರ ಬಲವೇ. ನಾಲ್ಕೆಳೆ ಗ್ರಾಫ್ಟ್ ಕೂಡ ಹಾಗೇ. 1999ರಲ್ಲಿ ಹ್ಯಾಮ್ನರ್ ತಂಡ ಪ್ರತಿ ಎಳೆಗೂ ಸಮನಾದ ತೂಕ ತೂಗುಹಾಕಿ ಬಿಗಿಗೊಳಿಸಿದಾಗ ನಾಲ್ಕೆಳೆಯ ಗ್ರಾಫ್ಟ್ 4090 ನ್ಯೂಟನ್ ತಡೆಯಿತು. ಬರೀ ಕೈಯಲ್ಲಿ ಎಳೆದು ಕಟ್ಟಿದ ನಾಲ್ಕೆಳೆಗಳು, ಸಮನಾಗಿ ಬಿಗಿದ ಎರಡೆಳೆ ಸೆಮಿಟೆಂಡಿನೋಸಸ್‌ಗಿಂತ ಗಟ್ಟಿಯೇನೂ ಇರಲಿಲ್ಲ. ಎಲ್ಲರ ಬಾಯಲ್ಲೂ 4090 ಇದೆ, 'ಸಮನಾಗಿ ಬಿಗಿದರೆ' ಎಂಬ ಷರತ್ತು ಮಾತ್ರ ಯಾರಿಗೂ ನೆನಪಿಲ್ಲ.

ಕ್ರಮ ಹೀಗೆ:

1. ಟೆಂಡನ್‌ಗೆ ಅಂಟಿದ ಸ್ನಾಯುವನ್ನು ಮೊಂಡು ಅಂಚಿನಿಂದ ಕೆರೆದು ತೆಗೆಯಬೇಕು. ಹರಿತವಾದ ಬ್ಲೇಡ್ ತಾಗಿದರೆ ನಾರು ಕುಯ್ದುಹೋಗುತ್ತದೆ.
2. ತುದಿಗಳಿಗೆ ಬಿಡದೆ ಸುತ್ತುಹೊಲಿಗೆ ಹಾಕಿ, ಎಳೆಗಳನ್ನು ಮಡಚಿ, ಅಳತೆಯ ತೂತುಪಟ್ಟಿಯಲ್ಲಿ ತೂರಿಸಿ ವ್ಯಾಸ ನೋಡಬೇಕು. ತೊಡೆಮೂಳೆ ಕಡೆಯ ತುದಿ, ಮೊಣಗಾಲ ಕಡೆಯ ತುದಿ ಎರಡನ್ನೂ ಬೇರೆ ಬೇರೆ ಬರೆದಿಡಬೇಕು.
3. ಗ್ರಾಫ್ಟ್ ಬೋರ್ಡ್‌ನಲ್ಲಿ 80 ನ್ಯೂಟನ್ ಆಸುಪಾಸಿನ ಎಳೆತದಲ್ಲಿ ಸುಮಾರು 15 ನಿಮಿಷ ಇಡಬೇಕು. ಟೆಂಡನ್ ರಬ್ಬರಿನಂತಲ್ಲ. ಎಳೆತದಲ್ಲಿಟ್ಟರೆ ನಿಧಾನಕ್ಕೆ ಉದ್ದವಾಗುತ್ತಾ ಹೋಗುತ್ತದೆ. ಆ ಹಿಗ್ಗು ಬೋರ್ಡ್ ಮೇಲೇ ಮುಗಿಯಲಿ, ಮಂಡಿಯೊಳಗೆ ಬೇಡ.
4. ಅಷ್ಟೂ ಹೊತ್ತು ಸಲೈನ್‌ನಲ್ಲಿ ನೆನೆಸಿದ ಬಟ್ಟೆ ಸುತ್ತಿರಬೇಕು. ಹಲವು ಕಡೆ ಈಗ ಸೋಂಕು ತಡೆಯಲು ಮಿಲಿಲೀಟರ್‌ಗೆ 5 ಮಿಲಿಗ್ರಾಂ ವ್ಯಾಂಕೋಮೈಸಿನ್ ಬೆರೆಸಿದ ಬಟ್ಟೆ ಸುತ್ತುತ್ತಾರೆ.
5. ಗ್ರಾಫ್ಟನ್ನು ಟನಲ್‌ನಲ್ಲಿ ಎಳೆದುಕೊಂಡು ಒಂದು ತುದಿ ಭದ್ರಪಡಿಸಿದ ಮೇಲೆ ಮಂಡಿಯನ್ನು ಇಪ್ಪತ್ತು ಸಲವಾದರೂ ಮಡಚಿ ಬಿಡಿಸಬೇಕು. ಉಳಿದ ಸಡಿಲ ಹೊರಬಂದ ನಂತರವೇ ಎರಡನೆಯ ತುದಿ.

ಅತಿಯಾಗಿ ಬಿಗಿದರೂ ಕೆಡುಕೇ. ಮಂಡಿ ಪೂರ್ತಿ ನೇರವಾಗುವುದಿಲ್ಲ, ಗ್ರಾಫ್ಟ್ ತನ್ನ ಎಳೆತಕ್ಕೆ ತಾನೇ ಸವೆಯುತ್ತದೆ. ತೊಡೆಮೂಳೆಯ ಟನಲ್ ತಪ್ಪು ಜಾಗದಲ್ಲಿದ್ದರಂತೂ ಮಡಚಿದಾಗೊಂದು ಬಿಗಿ, ಬಿಡಿಸಿದಾಗೊಂದು ಬಿಗಿ. ಗ್ರಾಫ್ಟ್ ವಿಫಲವಾಗಲು ಆಪರೇಷನ್‌ನಲ್ಲೇ ಆಗುವ ತಪ್ಪುಗಳ ಪೈಕಿ ಅತಿ ಸಾಮಾನ್ಯವಾದದ್ದು ಇದೇ. 4000 ನ್ಯೂಟನ್‌ನ ಗ್ರಾಫ್ಟ್ ಕೂಡ ತಪ್ಪು ಟನಲ್‌ನಲ್ಲಿ ಉಳಿಯದು.

ಹಂತ 6: ಮೊದಲ ವಾರಗಳು, ಗೂಟದ ಕಾಲ

ಹಸು ಹಗ್ಗ ಹರಿದುಕೊಳ್ಳುವುದಕ್ಕಿಂತ ಗೂಟ ಕಿತ್ತುಕೊಂಡು ಹೋಗುವುದೇ ಹೆಚ್ಚು. ಮೊದಲ 6ರಿಂದ 12 ವಾರ ನಿಮ್ಮ ಮಂಡಿಯಲ್ಲೂ ಅದೇ ಕಥೆ. ಹಂದಿಯ ಮೂಳೆಯಲ್ಲಿ ಮನುಷ್ಯರ ಟೆಂಡನ್ ಕೂರಿಸಿ ನಡೆಸಿದ, 2003ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ತೊಡೆಮೂಳೆ ಕಡೆ ಬಟನ್ (ಮೂಳೆಯ ಹೊರಗೆ ಅಡ್ಡ ನಿಲ್ಲುವ ಪುಟ್ಟ ಲೋಹಪಟ್ಟಿ) ಸುಮಾರು 1086 ನ್ಯೂಟನ್ ತಡೆಯಿತು. ಟನಲ್‌ನೊಳಗೆ ಒತ್ತಿ ಕೂರುವ ಇಂಟರ್‌ಫರೆನ್ಸ್ ಸ್ಕ್ರೂಗಳಲ್ಲಿ ಕೆಲವು 550 ಆಸುಪಾಸಿಗೇ ಜಾರಿದವು. ಗ್ರಾಫ್ಟ್ 4000 ತಡೆಯುತ್ತದೆ, ಗೂಟ 550ರಿಂದ 1100!

ಮಂಡಿಯ ಬೇಡಿಕೆ ಎಷ್ಟು? ಹಳೆಯ, ಈಗಲೂ ಬಳಕೆಯಲ್ಲಿರುವ ಲೆಕ್ಕದ ಪ್ರಕಾರ ಸಮತಟ್ಟು ನೆಲದಲ್ಲಿ ನಡೆಯುವಾಗ ಎಸಿಎಲ್ ಮೇಲೆ 170 ನ್ಯೂಟನ್, ಮೆಟ್ಟಿಲು ಇಳಿಯುವಾಗ 450ರ ಹತ್ತಿರ. ಹಾಗಾಗಿ ನಡೆದಾಡಲು ಬಿಡುತ್ತಾರೆ, ಜಿಗಿಯಲು ಬಿಡುವುದಿಲ್ಲ. ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವಾಗ ಗೋಡೆ ಅಥವಾ ಕಂಬಿ ಹಿಡಿಯಿರಿ ಎನ್ನುವುದೂ ಇದಕ್ಕೇ.

ಮೊಣಗಾಲ ಮೂಳೆ ಕಡೆಯ ಗೂಟ ಸಾಮಾನ್ಯವಾಗಿ ಇನ್ನೂ ಬಡವ. ಅಲ್ಲಿ ಮೂಳೆ ಮೆದು, ಎಳೆತ ಟನಲ್‌ನ ದಿಕ್ಕಿನಲ್ಲೇ ಬೀಳುತ್ತದೆ. ಮೂಳೆ ಸವೆತ ಇರುವವರಿಗೆ ಸ್ಕ್ರೂ ಜೊತೆಗೆ ಸ್ಟೇಪಲ್ ಅಥವಾ ಇನ್ನೊಂದು ಆಧಾರ ಕೊಡುವುದು ಇದಕ್ಕೇ. ಮೂಳೆತುಂಡಿನ ಪಟೆಲ್ಲಾರ್ ಗ್ರಾಫ್ಟ್ 6ರಿಂದ 8 ವಾರದಲ್ಲಿ ಟನಲ್‌ಗೆ ಬೆಸೆದುಕೊಳ್ಳುತ್ತದೆ, ಬರೀ ಟೆಂಡನ್‌ಗೆ 8ರಿಂದ 12 ವಾರ ಬೇಕು. 1993ರಲ್ಲಿ ನಾಯಿಗಳ ಮೇಲೆ ನಡೆದ ಪ್ರಯೋಗದಲ್ಲಿ 8 ವಾರದವರೆಗೂ ಎಳೆದಾಗ ಟೆಂಡನ್ ಟನಲ್‌ನಿಂದ ಕಿತ್ತುಬಂತು. 12ನೇ ವಾರಕ್ಕೆ ಟನಲ್‌ನ ಹಿಡಿತ ಬಿಡಲಿಲ್ಲ.

ಈ ಕಾಲದ ತಪ್ಪುಗಳು:

- ಕುರ್ಚಿಯಲ್ಲಿ ಕೂತು ಕಾಲಿಗೆ ತೂಕ ಕಟ್ಟಿ ಮಂಡಿ ನೇರ ಮಾಡುವುದು. ಕೊನೆಯ 30 ಡಿಗ್ರಿಯಲ್ಲಿ ಗ್ರಾಫ್ಟ್ ಮೇಲಿನ ಎಳೆತ ಏರುತ್ತದೆ. ಇದನ್ನು 90ರಿಂದ 45 ಡಿಗ್ರಿಯೊಳಗೆ, ಫಿಸಿಯೋ ಹೇಳಿದ ವಾರದಿಂದ ಮಾತ್ರ ಮಾಡಿ. ಹ್ಯಾಮ್‌ಸ್ಟ್ರಿಂಗ್ ಗ್ರಾಫ್ಟ್ ಆಗಿದ್ದರೆ 12 ವಾರ ತೂಕ ಕಟ್ಟಬೇಡಿ. ನಿಂತ ಸೈಕಲ್ ತುಳಿಯುವುದರಲ್ಲಿ ಎಳೆತ ಇದರ ಅರ್ಧಕ್ಕಿಂತ ಕಡಿಮೆ.
- ಮಂಡಿ ಕೆಳಗೆ ದಿಂಬಿಟ್ಟು ಮಲಗುವುದು. ಹಾಯೆನಿಸುತ್ತದೆ, ಆದರೆ ಮಂಡಿ ನೇರವಾಗುವುದನ್ನೇ ಮರೆಯುತ್ತದೆ. ದಿಂಬು ಇಡುವುದಾದರೆ ಹಿಮ್ಮಡಿ ಕೆಳಗಿಡಿ.
- ಹ್ಯಾಮ್‌ಸ್ಟ್ರಿಂಗ್ ತೆಗೆದವರು ಮಂಡಿ ನೇರ ಇಟ್ಟು ಬಗ್ಗಿ ಚಪ್ಪಲಿ ಹಾಕಿಕೊಳ್ಳುವುದು. ತೊಡೆಯ ಹಿಂದೆ ಪಟ್ ಎಂದು ಸದ್ದಾಗಿ ನೋವು, ಮರುದಿನ ಕಂದಿದ ನೀಲಿ. ಇದು ಬಹುತೇಕ ಗ್ರಾಫ್ಟ್ ಹರಿದದ್ದಲ್ಲ, ತೆಗೆದ ಜಾಗದ ಗಾಯದ ನಾರು ಕಿತ್ತದ್ದು. ಆದರೂ ತೋರಿಸಿ.
- ಬೈಕಿಗೆ ಕಿಕ್ ಹೊಡೆಯುವುದು. ಹೆಚ್ಚು ವಿವರಿಸಬೇಕಿಲ್ಲ.

ಮಿನಿಸ್ಕಸ್ (ಮಂಡಿಯ ಮೆತ್ತೆ) ಕೂಡ ಹೊಲಿದಿದ್ದರೆ ಭಾರ ಹಾಕುವ, ಮಡಚುವ ಮಿತಿಗಳೇ ಬೇರೆ. ಆಗ ಪಕ್ಕದ ಬೆಡ್‌ನವರನ್ನು ನೋಡಿ ಅನುಕರಿಸಬೇಡಿ.

ಹಂತ 7: ನೋವಿಲ್ಲದ ಅಪಾಯದ ತಿಂಗಳುಗಳು

ಗೂಟ ಗಟ್ಟಿಯಾಗುವ ಹೊತ್ತಿಗೆ ಹಗ್ಗ ಬಡವಾಗುತ್ತದೆ. ಬೇರುಸಹಿತ ಕಿತ್ತು ಬೇರೆಡೆ ನೆಟ್ಟ ಗಿಡದ ಎಲೆ ಮೊದಲು ಬಾಡಿ, ಬೇರೂರಿದ ಮೇಲೆ ಚಿಗುರುವಂತೆ, ರಕ್ತದ ಸಂಪರ್ಕ ಕಡಿದ ಗ್ರಾಫ್ಟ್‌ನಲ್ಲಿ ಮೊದಲು ಜೀವಕೋಶಗಳು ಸಾಯುತ್ತವೆ. ಆಮೇಲೆ ಹೊಸ ರಕ್ತನಾಳ ಹರಿದುಬಂದು ಹಳೆಯ ನಾರನ್ನು ಕಳಚಿ ಹೊಸದನ್ನು ಹೆಣೆಯುತ್ತವೆ. ಇದಕ್ಕೆ ಲಿಗಮೆಂಟೈಸೇಷನ್ ಎನ್ನುತ್ತಾರೆ, ಟೆಂಡನ್ ನಿಧಾನವಾಗಿ ಲಿಗಮೆಂಟ್‌ನ ಗುಣ ಪಡೆಯುವುದು. ಪ್ರಾಣಿಗಳಲ್ಲಿ ಅಳೆದಾಗ ಬಲ ತಳಮುಟ್ಟುವುದು 6ರಿಂದ 12 ವಾರದ ನಡುವೆ. ಮನುಷ್ಯರಲ್ಲಿ ಹೆಣಿಗೆ ಒಂದು ವರ್ಷ ದಾಟಿಯೂ ನಡೆಯುತ್ತದೆ.

ಎಡವಟ್ಟು ಇರುವುದು ಇಲ್ಲಿ. ಮೂರನೇ ತಿಂಗಳಿಗೆ ಊತ ಇಳಿದಿರುತ್ತದೆ, ನೋವು ಇರುವುದಿಲ್ಲ, ನಡಿಗೆ ಸಹಜ. ಒಳಗೆ ಗ್ರಾಫ್ಟ್ ಇನ್ನೂ ಬಲ ಕೂಡಿಸಿಕೊಳ್ಳುತ್ತಿರುವ ಕಾಲ ಅದು. ನೋವಿಗೂ ಗ್ರಾಫ್ಟ್‌ನ ಬಲಕ್ಕೂ ಸಂಬಂಧವಿಲ್ಲ. ಈ ತಿಂಗಳುಗಳಲ್ಲಿ ಬೀಡಿ, ಸಿಗರೇಟು ಪೂರ್ತಿ ಬಿಡಿ, ರಕ್ತನಾಳ ಚಿಗುರಬೇಕಾದ ಹೊತ್ತಿನಲ್ಲಿ ನಿಕೋಟಿನ್ ಅದನ್ನೇ ಹಿಂಡುತ್ತದೆ.

ಹಂತ 8: ಆಟಕ್ಕೆ ಮರಳುವ ಮುನ್ನ

ಕಬಡ್ಡಿ, ಫುಟ್‌ಬಾಲ್, ಬ್ಯಾಡ್ಮಿಂಟನ್, ಒಟ್ಟಿನಲ್ಲಿ ತಿರುಗಿ ಜಿಗಿಯುವ ಯಾವ ಆಟಕ್ಕೂ ಒಂಬತ್ತು ತಿಂಗಳು ಕನಿಷ್ಠ. 2016ರಲ್ಲಿ ಪ್ರಕಟವಾದ ಡೆಲವೇರ್-ಓಸ್ಲೋ ಅಧ್ಯಯನದಲ್ಲಿ ಒಂಬತ್ತು ತಿಂಗಳವರೆಗೆ ಪ್ರತಿ ತಿಂಗಳು ತಡಮಾಡಿದಾಗಲೂ ಮತ್ತೆ ಪೆಟ್ಟಾಗುವ ಪ್ರಮಾಣ 51 ಶೇಕಡ ಇಳಿಯಿತು. ಟೂರ್ನಮೆಂಟ್ ದಿನಾಂಕ ನೋಡಿ ಮರಳುವುದು ನಾವು ಕಾಣುವ ಅತಿ ದುಬಾರಿ ತಪ್ಪು.

ತಿಂಗಳು ಎಣಿಸಿದರೆ ಮುಗಿಯಲಿಲ್ಲ. ತೊಡೆಯ ಮುಂಭಾಗದ ಮತ್ತು ಹಿಂಭಾಗದ ಸ್ನಾಯುಗಳ ಬಲ, ಒಂಟಿಕಾಲ ಜಿಗಿತದ ದೂರ, ಇವೆಲ್ಲ ಇನ್ನೊಂದು ಕಾಲಿನ 90 ಶೇಕಡ ದಾಟಿರಬೇಕು. ಬಲವನ್ನು ಯಂತ್ರದಲ್ಲಿ ಅಳೆಸಿ, ಕೈಯಿಂದ ಒತ್ತಿ 'ಚೆನ್ನಾಗಿದೆ' ಎನ್ನುವುದು ಲೆಕ್ಕಕ್ಕಿಲ್ಲ. ಜಿಗಿದು ಇಳಿಯುವಾಗ ಮಂಡಿ ಒಳಕ್ಕೆ ವಾಲುತ್ತದೆಯೇ ಎಂದು ಮೊಬೈಲಿನಲ್ಲಿ ಎದುರಿನಿಂದ ವಿಡಿಯೋ ಮಾಡಿ ನೋಡಿ.

ಈ 90 ಶೇಕಡದಲ್ಲೂ ಒಂದು ಮೋಸವಿದೆ. ಒಂಬತ್ತು ತಿಂಗಳು ಆಟ ಬಿಟ್ಟಾಗ ಚೆನ್ನಾಗಿರುವ ಕಾಲೂ ಸೊರಗಿರುತ್ತದೆ, ಸೊರಗಿದ್ದಕ್ಕೆ ಹೋಲಿಸಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿ ಆಪರೇಷನ್‌ಗೆ ಮುಂಚೆಯೇ ಚೆನ್ನಾಗಿರುವ ಕಾಲಿನ ಬಲ, ಜಿಗಿತದ ದೂರ ಅಳೆಸಿ ಬರೆದಿಟ್ಟುಕೊಳ್ಳಿ, ಹೋಲಿಕೆ ಅದರೊಂದಿಗೇ ಆಗಲಿ.

ಡಿಸ್ಚಾರ್ಜ್ ದಿನ ಆಪರೇಷನ್ ನೋಟ್‌ನ ಪ್ರತಿ ಕೇಳಿ ಪಡೆಯಿರಿ. ಗ್ರಾಫ್ಟ್ ಎಲ್ಲಿಂದ, ಎಷ್ಟೆಳೆ, ಎರಡೂ ತುದಿಯ ವ್ಯಾಸ, ಎರಡೂ ಕಡೆ ಯಾವ ಫಿಕ್ಸೇಷನ್, ಮಿನಿಸ್ಕಸ್ ಹೊಲಿದರೋ ಕತ್ತರಿಸಿದರೋ, ಈ ಐದೂ ಅದರಲ್ಲಿ ಇರಬೇಕು. ಫಿಸಿಯೋ ಬಳಿ ಮೊದಲ ಸಲ ಹೋಗುವಾಗ ಎಂಆರ್‌ಐ ಫಿಲ್ಮ್ ಮರೆತರೂ ಪರವಾಗಿಲ್ಲ, ಆ ಒಂದು ಹಾಳೆ ಕೈಯಲ್ಲಿರಲಿ.